ವಸಡಿನ ಕಳೆ

ಮೊನ್ನೆ ಮೊದಲನೆಯ ವರ್ಷದ ಬಿ.ಎ. ತರಗತಿಯಲ್ಲಿ ವರ್ಣಗಳ ಉತ್ಪತ್ತಿಸ್ಥಾನವನ್ನು ಪಾಠ ಹೇಳುತ್ತಿದ್ದೆ. ಕಂಠ್ಯ, ತಾಲವ್ಯ, ಮೂರ್ಧನ್ಯಗಳನ್ನು ದಾಟಿ ದಂತ್ಯಕ್ಕೆ ಬಂದಿದ್ದೆ. ತ, ಥ, ದ, ಧ, ನ ಎಂಬ ಈ ಐದು ಅಕ್ಷರಗಳು ನಾಲಗೆಯ ತುದಿ ಮೇಲಿನ ಹಲ್ಲುಗಳ ಹಿಂಬದಿಯನ್ನು ಮುಟ್ಟಿದಾಗ ಹುಟ್ಟುವುವೆಂದೂ, ಆದುದರಿಂದಲೇ ಅವಕ್ಕೆ ದಂತ್ಯಗಳೆಂದು ಹೆಸರಾಯಿತೆಂದೂ ವಿವರಿಸುತ್ತಿರುವಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದುನಿಂತು, "ಸಾರ್, ಹಲ್ಲೇ ಇಲ್ಲದವರು ದಂತ್ಯವನ್ನು ಹೇಗೆ ಹೇಳ್ತಾರೆ?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಆ ಪ್ರಶ್ನೆಗೆ ಉತ್ತರ ನನಗೆ ಬಹಳ ಹಿಂದೆಯೇ ಗೊತ್ತಿತ್ತು. ನಮ್ಮ ಮನೆಯಲ್ಲಿಯೇ ಗೊತ್ತಾಗಿತ್ತು.

ಆಲೂರು ತಾಲ್ಲೂಕಿನ ಮಗ್ಗೆ ನನ್ನ ಹುಟ್ಟೂರು. ಒಂದು ಕಡೆ ಗದ್ದೆಯ ಬಯಲು, ಇನ್ನೊಂದು ಕಡೆ ಸಕಲೇಶಪುರದತ್ತ ಏರುತ್ತ ಹೋಗುವ ಕಾಫಿತೋಟಗಳು. ಇವೆರಡರ ನಡುವೆ, ಮಳೆಗಾಲದಲ್ಲಿ ಹಂಚಿನ ಮೇಲೂ ಪಾಚಿ ಬೆಳೆಯುವಂಥ ತಂಪಿನ ನಾಡು. ನಮ್ಮ ತಂದೆ ಪ್ರೈಮರಿ ಶಾಲೆಯ ಉಪಾಧ್ಯಾಯರು. ಅವರ ಜೀವನದ ನಿಜವಾದ ಸಂತೋಷವಿದ್ದುದು ಶ್ರಾವಣಮಾಸದ ಸಂಜೆಗಳಲ್ಲಿ. ದೇವಸ್ಥಾನದ ಜಗಲಿಯ ಮೇಲೆ ಕುಳಿತು ಕುಮಾರವ್ಯಾಸನ ಭಾರತವನ್ನು ರಾಗವಾಗಿ ಓದುತ್ತಿದ್ದರು. ತೋಟದ ಕೆಲಸ ಮುಗಿಸಿ ಬಂದವರು ಕಂಬಳಿ ಹೊದ್ದು ಕುಳಿತು ಕೇಳುತ್ತಿದ್ದರು. ಭಾಮಿನಿ ಷಟ್ಪದಿಯ ನಡೆ ನನಗೆ ಹತ್ತಿದ್ದು ಕಾಲೇಜಿನಲ್ಲಲ್ಲ, ಆ ಜಗಲಿಯ ಮೂಲೆಯಲ್ಲಿ, ಅರೆನಿದ್ದೆಯಲ್ಲಿ.

ನಾನು ಪಿ.ಯು. ಓದುತ್ತಿದ್ದಾಗ ತಂದೆಯವರಿಗೆ ಐವತ್ತರ ಹತ್ತಿರ. ಆಗ ಅವರ ಮುಂದಿನ ಹಲ್ಲುಗಳು ಅಲುಗಾಡತೊಡಗಿದವು. ವಿಚಿತ್ರವೆಂದರೆ ಒಂದು ಹಲ್ಲಿನಲ್ಲಿಯೂ ಹುಳುಕಿರಲಿಲ್ಲ, ನೋವೂ ಇರಲಿಲ್ಲ. ಒಂದು ದಿನ ಊಟಕ್ಕೆ ಕುಳಿತಾಗ ಮೇಲಿನ ಹಲ್ಲೊಂದು ಕೈಗೇ ಬಂದುಬಿಟ್ಟಿತು. ಮುತ್ತಿನಂಥ ಬಿಳಿಯ ಹಲ್ಲು, ಬೇರಿನ ಸುತ್ತ ಮಾತ್ರ ಕಂದುಬಣ್ಣದ ಗಾರೆ. ತಂದೆ ಅದನ್ನು ಎಲೆಯ ಪಕ್ಕದಲ್ಲಿಟ್ಟು ಏನೂ ಆಗದವರಂತೆ ಊಟ ಮುಗಿಸಿದರು. ಆಮೇಲೆ ಒಂದರ ಹಿಂದೊಂದು ಹೋದವು. ಹಲ್ಲು ಬಿದ್ದ ಜಾಗದಲ್ಲಿ ದಂತ್ಯಗಳೆಲ್ಲ ಗಾಳಿಯಾದವು. 'ದುರ್ಯೋಧನ' ಎನ್ನುವಾಗ ಸಿಳ್ಳು ಹೊರಟು ಊರಿನ ಹುಡುಗರು ಬಾಯಿಗೆ ಕೈಯಡ್ಡ ಹಿಡಿದು ನಕ್ಕರು. ಮುಂದಿನ ಶ್ರಾವಣದಲ್ಲಿ ತಂದೆ ಗಂಟಲು ಸರಿಯಿಲ್ಲವೆಂದು ಹೇಳಿ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಮೇಲಿಟ್ಟರು. ಗಂಟಲು ಸರಿಯಾಗಿಯೇ ಇತ್ತೆಂಬುದು ಮನೆಯವರಿಗೆಲ್ಲ ತಿಳಿದಿತ್ತು. ಮುಂದೆ ಕಟ್ಟಿಸಿದ ಹಲ್ಲಿನ ಸೆಟ್ಟು ಬಂದಿತು, ಊಟಕ್ಕೆ ಅನುಕೂಲವಾಯಿತು. ಪುಸ್ತಕ ಮಾತ್ರ ಕೆಳಗಿಳಿಯಲಿಲ್ಲ.

ಇಷ್ಟನ್ನು ಕಣ್ಣಾರೆ ಕಂಡವನು ತನ್ನ ಬಾಯಿಯ ವಿಷಯದಲ್ಲಿ ಎಚ್ಚರವಾಗಿದ್ದಾನೆಂದು ವಾಚಕರು ಊಹಿಸಿದರೆ ಅದು ಅವರ ಔದಾರ್ಯ. ನನಗೆ ಮೂವತ್ತನಾಲ್ಕಾದಾಗ ಬೆಳಗ್ಗೆ ಹಲ್ಲುಜ್ಜುವಾಗ ಬ್ರಷ್ಷಿನಲ್ಲಿ ಕೆಂಪು ಕಾಣಿಸತೊಡಗಿತು. ಬ್ರಷ್ಷು ಒರಟಾಗಿರಬೇಕೆಂದು ಬ್ರಷ್ಷನ್ನು ಬದಲಾಯಿಸಿದೆ. ಪೇಸ್ಟು ಖಾರವಾಗಿರಬೇಕೆಂದು ಪೇಸ್ಟನ್ನು ಬದಲಾಯಿಸಿದೆ. ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿದೆ, ಲವಂಗದೆಣ್ಣೆ ಹಚ್ಚಿದೆ. ರಕ್ತ ಬರುವ ಕಡೆಯಲ್ಲಿ ಉಜ್ಜುವುದನ್ನೇ ಬಿಟ್ಟರೆ ರಕ್ತವೂ ನಿಲ್ಲುತ್ತದೆಂಬ ಮಹಾಸತ್ಯವನ್ನೂ ಕಂಡುಹಿಡಿದೆ. ಕೊಡೆ ಬಿಚ್ಚಿದರೆ ಮಳೆ ನಿಂತಿತೆಂದು ತಿಳಿಯುವವನ ಜಾಣತನ ಇದು. ಹೀಗೆ ಎರಡು ವರ್ಷ ಕಳೆದವು. ಕೊನೆಗೆ ಒಂದು ದಿನ ಸೀಬೇಹಣ್ಣನ್ನು ಕಚ್ಚಿದಾಗ ಬಿಳಿಯ ತಿರುಳಿನ ಮೇಲೆ ರಕ್ತದ ಗುರುತು ಮೂಡಿತು. ಅದನ್ನು ನನ್ನ ಹೆಂಡತಿ ನೋಡಿದಳು. ಮರುದಿನವೇ ಹಾಸನದ ದಂತವೈದ್ಯರ ಮುಂದೆ ಬಾಯ್ದೆರೆದು ಕುಳಿತಿದ್ದೆ.

ವೈದ್ಯರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೊದಲು ಅವರು ಹಲ್ಲನ್ನು ನೋಡಲೇ ಇಲ್ಲ. ಗೆರೆಗಳನ್ನು ಗುರುತಿಸಿದ್ದ ಒಂದು ತೆಳ್ಳನೆಯ ಕಡ್ಡಿಯನ್ನು ಹಲ್ಲಿಗೂ ವಸಡಿಗೂ ನಡುವೆ ಮೆಲ್ಲನೆ ಇಳಿಸಿ, ಪಕ್ಕದಲ್ಲಿದ್ದ ಸಹಾಯಕಿಗೆ ಲೆಕ್ಕ ಹೇಳುತ್ತ ಹೋದರು: "ಎರಡು, ಮೂರು, ಮೂರು, ಐದು, ಆರು, ಏಳು." ಪರೀಕ್ಷೆಯ ಅಂಕಗಳನ್ನು ಓದುವಾಗ ವಿದ್ಯಾರ್ಥಿಗಳ ಎದೆ ಹೇಗೆ ಹೊಡೆದುಕೊಳ್ಳುವುದೆಂದು ಅಂದು ನನಗೆ ತಿಳಿಯಿತು. ಇಲ್ಲಿ ಮಾತ್ರ ಅಂಕ ಹೆಚ್ಚಿದಷ್ಟೂ ನಪಾಸು. ಆರೋಗ್ಯವಾದ ಬಾಯಿಯಲ್ಲಿ ಹಲ್ಲಿನ ಸುತ್ತ 1ರಿಂದ 3 ಮಿಲಿಮೀಟರು ಆಳದ ಸಂದು ಇರುವುದು ಸಹಜ. ಅದು 4 ಅಥವಾ ಹೆಚ್ಚಾಗಿ, ಮುಟ್ಟಿದರೆ ರಕ್ತ ಒಸರಿದರೆ, ಅಲ್ಲಿ ವಸಡು ಹಲ್ಲಿನ ಹಿಡಿತವನ್ನು ಬಿಟ್ಟು ಜೇಬಿನಂತಾಗಿದೆ ಎಂದು ಅರ್ಥ. ಆ ಜೇಬಿನ ತಳದಲ್ಲಿ ಹಲ್ಲನ್ನು ಹಿಡಿದಿರುವ ಎಲುಬು ಕರಗುತ್ತಿರುತ್ತದೆ.

"ಮೇಷ್ಟ್ರೆ, ಮನೇಲಿ ಯಾರಿಗಾದರೂ ಬೇಗ ಹಲ್ಲು ಹೋಗಿತ್ತಾ?" ಎಂದು ಅವರು ಕೇಳಿದರು. ನಾನು ತಂದೆಯವರ ಕಥೆಯನ್ನು ಹೇಳಿದೆ. "ಅದೇ ಇದು. ಹಿಂದಿನವರು ಪಯೋರಿಯ ಅಂತಿದ್ದರಲ್ಲ, ಅದೇ" ಎಂದರು. ಅಂದು ಅವರಿಂದ ಕೇಳಿ ತಿಳಿದುದನ್ನೂ, ಆ ಬಳಿಕ ನಾನು ಓದಿ ತಿಳಿದುದನ್ನೂ ಈ ವಾರ ವಾಚಕರ ಮುಂದಿಡುತ್ತಿದ್ದೇನೆ.

ನಮ್ಮ ಕಡೆಯ ಹಳ್ಳದಲ್ಲಿ ಇಳಿದು ನಡೆದವರಿಗೆ ಕಲ್ಲಿನ ಮೇಲಿನ ಲೋಳೆ ಗೊತ್ತು. ನೀರು ಎಷ್ಟು ರಭಸವಾಗಿ ಹರಿದರೂ ಅದು ಹೋಗುವುದಿಲ್ಲ. ಬೆರಳಿನಿಂದ ಉಜ್ಜಿದರೆ ಮಾತ್ರ ಹೋಗುತ್ತದೆ. ಹಲ್ಲಿನ ಮೇಲೆ ದಿನವೂ ಕಟ್ಟುವ ಪಾಚಿಯೂ ಅಂಥದೇ. ಅದು ಅನ್ನದ ಅಗುಳಿನ ಉಳಿಕೆಯಲ್ಲ, ಜೀವಂತವಾದ ಊರು. ನೂರಾರು ಬಗೆಯ ಬ್ಯಾಕ್ಟೀರಿಯಗಳು ತಾವೇ ಸ್ರವಿಸಿದ ಅಂಟಿನೊಳಗೆ ಪದರಪದರವಾಗಿ ಮನೆ ಕಟ್ಟಿಕೊಂಡಿರುತ್ತವೆ. ಉಜ್ಜದೆ ಬಿಟ್ಟರೆ ಎಂಜಲಿನಲ್ಲಿರುವ ಸುಣ್ಣದ ಅಂಶ ಇಳಿದು ಆ ಪಾಚಿ ಗಟ್ಟಿಯಾಗಿ ಗಾರೆಯಾಗುತ್ತದೆ. ಒಮ್ಮೆ ಗಾರೆಯಾದ ಮೇಲೆ ಬ್ರಷ್ಷಿಗೆ ಬಗ್ಗದು. ಗಾರೆಯ ಒರಟು ಮೈಮೇಲೆ ಹೊಸ ಪಾಚಿ ಇನ್ನಷ್ಟು ಸುಲಭವಾಗಿ ಹಿಡಿಯುತ್ತದೆ. ಹೀಗೆ ವಸಡಿನ ಅಂಚಿನಿಂದ ಒಳಗೊಳಗೆ ಇಳಿಯುತ್ತ ಹೋಗುತ್ತದೆ.

ಈ ಜೀವಿಗಳನ್ನು ಕಂಡು ಬರೆದಿಟ್ಟವನು ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆಯ ವ್ಯಾಪಾರಿ ಲೇವನ್‌ಹುಕ್. 1683ರಲ್ಲಿ ಅವನು ತನ್ನ ಹಲ್ಲಿನ ಸಂದಿನ ಬಿಳಿಯ ಲೋಳೆಯನ್ನು ತಾನೇ ತಯಾರಿಸಿದ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಅದರೊಳಗೆ ಪುಟ್ಟ ಪ್ರಾಣಿಗಳು ಓಡಾಡುತ್ತಿರುವುದನ್ನು ಕಂಡು, ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಕಾಫಿಯ ನಾಡಿನವರಾದ ನಮಗೆ ರುಚಿಸುವ ಸಂಗತಿ ಇನ್ನೊಂದಿದೆ. ಕೆಲವು ವರ್ಷಗಳ ಮೇಲೆ, 1692ರಲ್ಲಿ, ಅವನು ಮತ್ತೆ ನೋಡಿದಾಗ ಮುಂದಿನ ಹಲ್ಲುಗಳಲ್ಲಿ ಆ ಪ್ರಾಣಿಗಳು ಕಾಣಲಿಲ್ಲ. ತಾನು ಬೆಳಗ್ಗೆ ಕುಡಿಯುವ ಬಿಸಿಬಿಸಿ ಕಾಫಿಯಿಂದ ಅವು ಸತ್ತಿರಬೇಕೆಂದು ಅವನು ತರ್ಕಿಸಿದ. ಆದರೆ ಹಿಂದಿನ ದವಡೆಯ ಸಂದಿನಲ್ಲಿ ಅವು ಸುಖವಾಗಿಯೇ ಇದ್ದವು. ಕಾಫಿಯ ವಿಷಯದಲ್ಲಿ ಅವನ ತರ್ಕ ಹೇಗೇ ಇರಲಿ, ಒಂದು ಮಾತು ಇಂದಿಗೂ ನಿಜ. ನಾವು ಬಾಯಲ್ಲಿ ಮುಕ್ಕಳಿಸುವ ಯಾವ ದ್ರವವೂ ಆಳದ ಸಂದಿಗೆ ಇಳಿಯುವುದಿಲ್ಲ. ಸಂದು ಆಳವಾದಷ್ಟೂ ಶತ್ರು ಸುರಕ್ಷಿತ.

ಎಲ್ಲ ಬ್ಯಾಕ್ಟೀರಿಯಗಳೂ ಶತ್ರುಗಳಲ್ಲ. ಬಾಯಲ್ಲಿ ವಾಸಿಸುವವುಗಳಲ್ಲಿ ಬಹುಪಾಲು ನಿರುಪದ್ರವಿಗಳು, ಕೆಲವು ಉಪಕಾರಿಗಳು ಕೂಡ. ಕೇಡಿನವು ಯಾವುವೆಂಬುದನ್ನು ಅಮೆರಿಕದ ಬಾಸ್ಟನ್ನಿನ ಸೊಕ್ರಾನ್ಸ್ಕಿ ಎಂಬ ವಿಜ್ಞಾನಿಯೂ ಅವರ ಜೊತೆಯವರೂ ಸಾವಿರಾರು ಹಲ್ಲುಗಳ ಪಾಚಿಯನ್ನು ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದರು. ಒಟ್ಟೊಟ್ಟಿಗೆ ವಾಸಿಸುವವನ್ನು ಗುಂಪು ಮಾಡಿ ಗುಂಪಿಗೊಂದು ಬಣ್ಣ ಕೊಟ್ಟರು. ಆಳವಾದ, ರಕ್ತ ಒಸರುವ ಜೇಬುಗಳಲ್ಲಿ ಜೊತೆಯಾಗಿ ಕಾಣುವ ಮೂವರಿಗೆ 'ಕೆಂಪು ಗುಂಪು' ಎಂದು ಹೆಸರಾಯಿತು: ಪಾರ್ಫಿರೊಮೊನಾಸ್ ಜಿಂಜಿವಾಲಿಸ್, ಟ್ಯಾನರೆಲ್ಲ ಫಾರ್ಸೈಥಿಯ, ಮತ್ತು ತಿರುಪಿನಂತೆ ಸುತ್ತಿಕೊಂಡಿರುವ ಟ್ರಿಪೊನೀಮ ಡೆಂಟಿಕೋಲ. ನಾಲಗೆ ಹೊರಳದ ಹೆಸರುಗಳು, ನಿಜ. ಆದರೆ ಅವುಗಳ ಸ್ವಭಾವ ತಿಳಿದರೆ ಚಿಕಿತ್ಸೆಯ ಮರ್ಮವೂ ತಿಳಿಯುತ್ತದೆ. ಇವಕ್ಕೆ ಗಾಳಿ ಆಗದು, ಆಮ್ಲಜನಕವಿಲ್ಲದ ಆಳವೇ ಬೇಕು. ಇವುಗಳ ಆಹಾರ ಸಕ್ಕರೆಯಲ್ಲ. ಊದಿದ ವಸಡಿನಿಂದ ಜಿನುಗುವ ರಸ, ರಕ್ತದ ಅಂಶ, ಒಡೆದ ಮಾಂಸ ಇವುಗಳಿಂದಲೇ ಅವು ಬದುಕುತ್ತವೆ. ವಸಡು ಊದಿದಷ್ಟೂ ಅವಕ್ಕೆ ಊಟ, ಅವು ಹೆಚ್ಚಿದಷ್ಟೂ ವಸಡಿಗೆ ಊತ.

ಎಲುಬನ್ನು ಕರಗಿಸುವುದು ಮಾತ್ರ ನೇರವಾಗಿ ಈ ಜೀವಿಗಳಲ್ಲ, ಬಹುಮಟ್ಟಿಗೆ ನಮ್ಮ ಮೈಯೇ. ಶತ್ರು ಬಾಗಿಲಿಗೆ ಬಂದನೆಂದು ದೇಹ ತನ್ನ ಸೈನ್ಯವನ್ನು ಕಳುಹಿಸುತ್ತದೆ. ಯುದ್ಧ ವರ್ಷಗಟ್ಟಲೆ ಮುಗಿಯದೆ ನಡೆದಾಗ, ರಣರಂಗವಾದ ಭೂಮಿಯೇ ಹಾಳಾಗುತ್ತದೆ. ಹಲ್ಲಿನ ಕಾಲಡಿಯ ಎಲುಬು ಹಿಂದೆ ಸರಿಯುತ್ತದೆ. ತಂದೆಯವರ ಹುಳುಕಿಲ್ಲದ ಹಲ್ಲು ಕೈಗೆ ಬಂದುದರ ಕಾರಣ ಇದು. ಹಲ್ಲು ಕೆಟ್ಟಿರಲಿಲ್ಲ, ಅದು ನಿಂತ ನೆಲ ಕರಗಿಹೋಗಿತ್ತು.

ಇದಕ್ಕೆ ವೈದ್ಯರು ಮಾಡುವ ಮೊದಲ ಚಿಕಿತ್ಸೆಯೇ ಆಳದ ಶುದ್ಧಿ. ಸಾಧಾರಣವಾದ ಕ್ಲೀನಿಂಗ್ ವಸಡಿನ ಮೇಲೆ ಕಾಣುವ ಗಾರೆಯನ್ನು ತೆಗೆಯುತ್ತದೆ. ಆಳದ ಶುದ್ಧಿಯಲ್ಲಿ ವಸಡಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಜೇಬಿನೊಳಗೆ ಇಳಿದು, ಬೇರಿನ ಮೈಗೆ ಅಂಟಿದ ಪಾಚಿಯನ್ನೂ ಗಾರೆಯನ್ನೂ ತೆಗೆದು ಬೇರನ್ನು ನಯಮಾಡುತ್ತಾರೆ. ಒಂದು ಬಗೆಯ ಉಪಕರಣ ನಮ್ಮ ಕಿವಿಗೆ ಕೇಳದಷ್ಟು ವೇಗದಲ್ಲಿ ಅದಿರುತ್ತ ನೀರನ್ನು ಚಿಮ್ಮಿಸಿ ಗಾರೆಯನ್ನು ಉದುರಿಸುತ್ತದೆ. ಇನ್ನೊಂದು ಬಗೆ, ಬಾಗಿದ ತುದಿಯ ಸಣ್ಣ ಕೈಯುಪಕರಣ. ವೈದ್ಯರ ಬೆರಳು ಅದರ ಮೂಲಕವೇ ಬೇರಿನ ಒರಟನ್ನು ಓದುತ್ತದೆ. ನನಗೆ ಇದು ನಾಲ್ಕು ಸಲಕ್ಕೆ, ಬಾಯಿಯ ಒಂದೊಂದು ಕಾಲುಭಾಗದಂತೆ, ಮುಗಿಯಿತು.

ಇದೇನೂ ಪಶ್ಚಿಮದವರ ಹೊಸ ಯೋಚನೆಯಲ್ಲ. ಸುಶ್ರುತಸಂಹಿತೆಯಲ್ಲಿ ಹಲ್ಲಿನ ಗಾರೆಗೆ 'ದಂತಶರ್ಕರಾ' ಎಂಬ ಹೆಸರಿದೆ. ಅದನ್ನು ಕೆರೆಯಲು 'ದಂತಶಂಕು' ಎಂಬ ಉಪಕರಣವಿದೆ. ಹಲ್ಲಿನ ಬುಡಕ್ಕೆ ಪೆಟ್ಟಾಗದ ಹಾಗೆ ಶರ್ಕರೆಯನ್ನು ತೆಗೆಯಬೇಕೆಂಬ ಸೂಚನೆಯೂ ಇದೆ. ನಮ್ಮ ಪೂರ್ವಿಕರ ಹೆಸರು ಹೇಳಿ ಕ್ಲೀನಿಂಗ್ ಬೇಡವೆನ್ನುವವರು ಪೂರ್ವಿಕರನ್ನು ಸ್ವಲ್ಪ ಓದಬೇಕು.

ಹಾಗಾದರೆ ಈ ಶುದ್ಧಿಯಿಂದ ಆ ಕೆಂಪು ಗುಂಪಿಗೆ ಏನಾಗುತ್ತದೆ? ಎಲ್ಲವೂ ಸತ್ತು ಬಾಯಿ ನಿರ್ಮಲವಾಗುತ್ತದೆಂದು ನಾನು ತಿಳಿದಿದ್ದೆ. ಅದು ತಪ್ಪು. ಬಾಯನ್ನು ಬ್ಯಾಕ್ಟೀರಿಯ ಇಲ್ಲದಂತೆ ಮಾಡುವುದು ಸಾಧ್ಯವೂ ಅಲ್ಲ, ಬೇಕಾಗಿಯೂ ಇಲ್ಲ. ಉಪಕರಣ ಹೊರಬಂದ ಗಳಿಗೆಯಿಂದಲೇ ಎಂಜಲಿನಲ್ಲಿರುವ ಜೀವಿಗಳು ಹಲ್ಲಿನ ಮೇಲೆ ಮತ್ತೆ ಇಳಿಯಲಾರಂಭಿಸುತ್ತವೆ. ಆದರೆ ಮೊದಲು ಬಂದು ನೆಲೆಸುವವು ಗಾಳಿಗೆ ಹೆದರದ ಸಾಧುಗಳು. ಜೇಬಿನ ಜೀವಿಗಳ ಸಂಖ್ಯೆ ಒಮ್ಮೆಗೇ ಬಹಳ ಇಳಿಯುತ್ತದೆ. ಕೆಂಪು ಗುಂಪಿನ ಮೂವರೂ ವಿಶೇಷವಾಗಿ ಕುಗ್ಗುತ್ತಾರೆ. ಊತ ಇಳಿದು ವಸಡು ಬಿಗಿಯುತ್ತದೆ, ಜೇಬಿನ ಆಳ ಕಡಿಮೆಯಾಗುತ್ತದೆ, ರಕ್ತವೂ ರಸವೂ ಜಿನುಗುವುದು ನಿಲ್ಲುತ್ತದೆ. ಆಗ ಕೇಡಿನವಕ್ಕೆ ಕತ್ತಲೂ ಇಲ್ಲ, ಊಟವೂ ಇಲ್ಲ. ಶುದ್ಧಿಯ ನಿಜವಾದ ಗೆಲುವು ಇರುವುದು ಕೊಲ್ಲುವುದರಲ್ಲಿ ಅಷ್ಟಾಗಿ ಅಲ್ಲ, ಅವುಗಳ ವಾಸಕ್ಕೆ ತಕ್ಕ ಸ್ಥಳವನ್ನೇ ಇಲ್ಲವಾಗಿಸುವುದರಲ್ಲಿ.

ಅಳತೆಯಲ್ಲಿ ಹೇಳುವುದಾದರೆ, 4ರಿಂದ 6 ಮಿಲಿಮೀಟರಿನ ಜೇಬು ಸರಾಸರಿ 1 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚಾಗಿಯೂ, 7 ಮತ್ತು ಅದಕ್ಕಿಂತ ಆಳವಾದದ್ದು ಸುಮಾರು 2 ಮಿಲಿಮೀಟರಿನಷ್ಟೂ ತಗ್ಗುತ್ತದೆ. ಓದುವುದಕ್ಕೆ ಅಲ್ಪವೆನಿಸಬಹುದು. ಬೇರಿನ ಒಟ್ಟು ಉದ್ದವೇ 12-15 ಮಿಲಿಮೀಟರಿನ ಆಸುಪಾಸು ಎಂಬುದನ್ನು ನೆನೆದರೆ ಅದರ ಬೆಲೆ ತಿಳಿಯುತ್ತದೆ.

ಮಿತಿಗಳೂ ಇವೆ. ಜೇಬು 5 ಮಿಲಿಮೀಟರು ಮೀರಿದಂತೆ, ಬೇರುಗಳು ಕವಲೊಡೆದ ದವಡೆಹಲ್ಲುಗಳಲ್ಲಿ, ಎಂಥ ಕುಶಲಿಯ ಕೈಗೂ ಸ್ವಲ್ಪ ಗಾರೆ ತಪ್ಪಿಸಿಕೊಳ್ಳುತ್ತದೆ. ಕೆಲವು ಬ್ಯಾಕ್ಟೀರಿಯಗಳು ವಸಡಿನ ಮಾಂಸದೊಳಗೇ ನುಸುಳಿ ಉಪಕರಣಕ್ಕೆ ಸಿಕ್ಕದೆ ಉಳಿಯುತ್ತವೆ. ಅಂಥ ಕಡೆ ಮತ್ತೊಮ್ಮೆ ಶುದ್ಧಿಮಾಡಬೇಕಾಗಬಹುದು. ವಸಡನ್ನು ಬಿಡಿಸಿ ಕಣ್ಣಿಗೆ ಕಾಣುವಂತೆ ಶಸ್ತ್ರಚಿಕಿತ್ಸೆ ಮಾಡಬೇಕಾಗಬಹುದು, ಕೆಲವರಿಗೆ ಔಷಧವೂ ಬೇಕಾಗಬಹುದು. ಆದರೆ ಶುದ್ಧಿಯಿಲ್ಲದೆ ಬರಿಯ ಮಾತ್ರೆ ನುಂಗುವುದು ವ್ಯರ್ಥ. ಅಂಟಿನ ಕೋಟೆಯೊಳಗಿರುವ ಜೀವಿಗಳಿಗೆ ಮಾತ್ರೆಯ ಔಷಧ ಸರಿಯಾಗಿ ತಲಪುವುದಿಲ್ಲ. ಮೊದಲು ಕೋಟೆಯನ್ನು ಒಡೆಯಬೇಕು.

ನನ್ನ ಚಿಕಿತ್ಸೆ ಮುಗಿದ ಮೊದಲ ವಾರ ನಾನು ಬಹಳ ಅಳುಕಿದೆನೆಂದು ಒಪ್ಪಿಕೊಳ್ಳಬೇಕು. ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತಿತ್ತು. ಕನ್ನಡಿಯಲ್ಲಿ ನೋಡಿಕೊಂಡರೆ ಮುಂದಿನ ಹಲ್ಲುಗಳ ನಡುವೆ ಹಿಂದೆ ಇಲ್ಲದ ಸಂದುಗಳು. "ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತೆ, ಸಂದಿ ಬೀಳುತ್ತೆ" ಎಂದು ಊರಲ್ಲಿ ಹೇಳುವುದು ನಿಜವೇ ಆಯಿತಲ್ಲ ಎಂದು ವೈದ್ಯರಿಗೆ ಫೋನು ಮಾಡಿದೆ. ಅವರು ನಕ್ಕು ಉತ್ತರ ಹೇಳಿದರು. ಆ ಸಂದು ಮೊದಲಿನಿಂದಲೂ ಇತ್ತು. ಗಾರೆ ಅದನ್ನು ತುಂಬಿತ್ತು, ಊದಿದ ವಸಡು ಮುಚ್ಚಿತ್ತು. ಗೋಡೆ ಬಿರಿದ ಮನೆಗೆ ಕ್ಯಾಲೆಂಡರು ನೇತುಹಾಕಿದಂತೆ. ಕ್ಯಾಲೆಂಡರನ್ನು ತೆಗೆದವನು ಗೋಡೆಯನ್ನು ಬಿರಿಸಿದವನಲ್ಲ. ಜುಮ್ಮೆನ್ನುವುದು ಕೆಲವು ವಾರಗಳಲ್ಲಿ ತಗ್ಗಿತು. ವಸಡಿನ ಕೆಂಪು ಹೋಗಿ ತಿಳಿಗುಲಾಬಿ ಬಣ್ಣ ಬಂದಿತು.

ಮೂರು ತಿಂಗಳಾದ ಮೇಲೆ ಮತ್ತೆ ಅಳತೆ. ಆರು ಇದ್ದುದು ನಾಲ್ಕಾಗಿತ್ತು, ಐದು ಇದ್ದುವು ಮೂರು ನಾಲ್ಕಾಗಿದ್ದವು. ಏಳು ಇದ್ದ ಹಿಂದಿನ ದವಡೆ ಮಾತ್ರ ಐದಕ್ಕೆ ನಿಂತು ಇನ್ನೂ ರಕ್ತ ತೋರಿಸಿತು. "ಇದು ಪಾಸಾಗಿಲ್ಲ ಮೇಷ್ಟ್ರೆ, ಸಪ್ಲಿಮೆಂಟರಿ ಬರೀಬೇಕು" ಎಂದರು ವೈದ್ಯರು. ಆ ಹಲ್ಲಿಗೆ ಇನ್ನೊಮ್ಮೆ ಶುದ್ಧಿಯಾಯಿತು. ಅದು ನಿಲ್ಲುವುದೋ ಇಲ್ಲವೋ ಇನ್ನು ಮುಂದೆ ನೋಡಬೇಕು. ಉಳಿದವು ನಿಂತಿವೆ.

ಇಷ್ಟಾದಮೇಲೆ ನನ್ನ ಮುಂದಿದ್ದ ಪ್ರಶ್ನೆ ನಮ್ಮ ಅವ್ವನದು. ಅವ್ವನಿಗೆ ಸಕ್ಕರೆ ಕಾಯಿಲೆ. ಕೆಳಗಿನ ಎರಡು ಹಲ್ಲು ಆಗಲೇ ಅಲುಗಾಡುತ್ತಿದ್ದವು. ಸಕ್ಕರೆ ಕಾಯಿಲೆಗೂ ವಸಡಿನ ರೋಗಕ್ಕೂ ಇರುವ ನಂಟು ಎರಡು ಕೈಯ ಚಪ್ಪಾಳೆ. ರಕ್ತದ ಸಕ್ಕರೆ ಹತೋಟಿ ತಪ್ಪಿದರೆ ವಸಡು ಬೇಗ ಹಾಳಾಗುತ್ತದೆ, ವಸಡಿನ ಉರಿ ಆರದಿದ್ದರೆ ಸಕ್ಕರೆಯ ಹತೋಟಿಯೂ ಕಷ್ಟವಾಗುತ್ತದೆ. ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತಿಳಿಸುವ ರಕ್ತಪರೀಕ್ಷೆಯಿದೆಯಲ್ಲ, ವಸಡಿನ ಚಿಕಿತ್ಸೆಯಾದ ಮೂರು ನಾಲ್ಕು ತಿಂಗಳಲ್ಲಿ ಅದರ ಅಂಕಿ ಸರಾಸರಿ 0.4ರಷ್ಟು ಇಳಿಯುವುದು ಅನೇಕ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ ಕಂಡುಬಂದಿದೆ. ಇದನ್ನೆಲ್ಲ ನಾನು ಉಪನ್ಯಾಸದ ಧಾಟಿಯಲ್ಲಿ ಹೇಳಿದೆ. ಅವ್ವ ಅಕ್ಕಿ ಆರಿಸುತ್ತಲೇ ಕೇಳಿ, "ಸುಮ್ಕಿರೋ ಹಲ್ಲ ಯಾಕಪ್ಪ ಅಲ್ಲಾಡ್ಸಾದು? ಕ್ಲೀನು ಮಾಡಿಸ್ಕಂಡು ಮತ್ತೆ ಗಲೀಜಾಗದಿಲ್ವಾ?" ಎಂದಳು.

ಈ ಪ್ರಶ್ನೆ ನನ್ನ ಉಪನ್ಯಾಸಕ್ಕಿಂತ ತೂಕವಾದುದು. ನಾನು ಹಿತ್ತಲಿನ ಕಾಫಿಗಿಡಗಳ ಕಡೆಗೆ ಕೈತೋರಿಸಿ, "ಅವ್ವ, ತೋಟದ ಕಳೆ ತೆಗೆಸಿದರೆ ಮತ್ತೆ ಬರೋದಿಲ್ವಾ?" ಎಂದೆ.

"ಬರ್ದೆ ಏನು? ಮಳೆ ಬಿದ್ರೆ ಬರ್ತದೆ."

"ಹಾಗಂತ ತೆಗೆಸೋದು ಬಿಡ್ತೀಯಾ?"

ಅವ್ವ ಮೊರವನ್ನು ಕೆಳಗಿಟ್ಟು ನನ್ನ ಮುಖವನ್ನು ನೋಡಿದಳು. "ಅಂಗಾದ್ರೆ ಒಂದ್ಸಲ ಮಾಡಿಸಿದ್ರೆ ಮುಗೀತು ಅನ್ನಂಗಿಲ್ಲ ಅನ್ನು" ಎಂದಳು. ಆಳದ ಶುದ್ಧಿಯ ಬಗ್ಗೆ ಬರೆದಿರುವ ಉದ್ದುದ್ದ ಲೇಖನಗಳ ಸಾರವೆಲ್ಲ ಆ ಒಂದು ಮಾತಿನಲ್ಲಿತ್ತು. ಶುದ್ಧಿಯ ಬಳಿಕ ದಿನನಿತ್ಯ ಹಲ್ಲುಜ್ಜುವುದರಲ್ಲಿ ಅಸಡ್ಡೆ ತೋರಿದರೆ ಕೇಡಿನ ಬ್ಯಾಕ್ಟೀರಿಯಗಳು ಕೆಲವೇ ವಾರಗಳಲ್ಲಿ ಹಿಂದಿನ ಮಟ್ಟಕ್ಕೆ ಮರಳುವುದುಂಟು. ದಿನಕ್ಕೆ ಎರಡು ಸಲ ಉಜ್ಜಿ, ಹಲ್ಲಿನ ಸಂದುಗಳನ್ನು ದಾರದಿಂದಲೋ ಸಣ್ಣ ಸಂದುಬ್ರಷ್ಷಿನಿಂದಲೋ ತೆಗೆದು, ಮೂರು ತಿಂಗಳಿಗೊಮ್ಮೆ, ಆಮೇಲೆ ವೈದ್ಯರು ಹೇಳಿದ ಅಂತರಕ್ಕೆ ತೋರಿಸುತ್ತಿದ್ದವರಲ್ಲಿ ವರ್ಷ ಕಳೆದರೂ ಅವು ತಗ್ಗಿಯೇ ಇರುತ್ತವೆ.

ಉಜ್ಜುವುದರ ಮಹಿಮೆಯನ್ನು ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ಹರಾಲ್ಡ್ ಲೋ ಎಂಬ ವಿದ್ವಾಂಸರು 1965ರಲ್ಲಿ ಪ್ರತ್ಯಕ್ಷವಾಗಿ ತೋರಿಸಿದ್ದರು. ಆರೋಗ್ಯವಾದ ವಸಡಿನ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು, ಅವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ವಾರದಲ್ಲಿ ಸರಿಯಾಯಿತು. ಎಲುಬು ಕರಗುವ ಮುನ್ನ, ಊತದ ಹಂತದಲ್ಲಿಯೇ ಎಚ್ಚತ್ತವರಿಗೆ ಪೂರ್ಣ ಗುಣವಿದೆ. ಎಲುಬು ಒಮ್ಮೆ ಹೋದರೆ ಸಾಮಾನ್ಯವಾಗಿ ಮರಳದು, ಇದ್ದುದನ್ನು ಉಳಿಸಿಕೊಳ್ಳಬಹುದು ಅಷ್ಟೆ.

ಅದೇ ಲೋ ಮತ್ತು ಅವರ ಸಂಗಡಿಗರು ಮಾಡಿದ ಇನ್ನೊಂದು ಅಧ್ಯಯನವನ್ನು ಓದಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ಶ್ರೀಲಂಕೆಯ ಚಹದ ತೋಟಗಳಲ್ಲಿ ದುಡಿಯುತ್ತಿದ್ದ 480 ಮಂದಿ ತಮಿಳು ಕಾರ್ಮಿಕರ ಬಾಯನ್ನು ಅವರು 1970ರಿಂದ 1985ರ ವರೆಗೆ ಮತ್ತೆ ಮತ್ತೆ ಪರೀಕ್ಷಿಸಿದರು. ಆ ಕಾರ್ಮಿಕರಿಗೆ ಬ್ರಷ್ಷೂ ತಿಳಿದಿರಲಿಲ್ಲ, ದಂತವೈದ್ಯರ ಆರೈಕೆಯೂ ಇರಲಿಲ್ಲ. ಎಲ್ಲರ ಹಲ್ಲಿನಲ್ಲೂ ಪಾಚಿ ಮತ್ತು ಗಾರೆ. ಆದರೂ ಶೇಕಡ 11 ಮಂದಿಗೆ ರೋಗ ಮುಂದುವರಿಯಲೇ ಇಲ್ಲ. ಶೇಕಡ 81 ಮಂದಿಗೆ ನಿಧಾನವಾಗಿ ಏರಿತು. ಉಳಿದ ಶೇಕಡ 8 ಮಂದಿಗೆ ಕಾಡುಗಿಚ್ಚಿನಂತೆ ಹಬ್ಬಿ, 45ರ ವಯಸ್ಸಿಗೆ ಬಾಯಿ ಬರಿದಾಯಿತು. ಒಂದೇ ಗಲೀಜು ಎಲ್ಲರಿಗೂ ಒಂದೇ ಫಲವನ್ನು ಕೊಡುವುದಿಲ್ಲ, ಮೈಯ ಗುಣ ಬೇರೆಬೇರೆ ಎಂಬುದನ್ನು ಲೋಕ ಕಲಿತುದು ಅವರ ಬಾಯಿಂದ. "ನಮ್ಮಜ್ಜ ಒಂದು ದಿನವೂ ಬ್ರಷ್ಷು ಹಿಡಿಯಲಿಲ್ಲ, ತೊಂಬತ್ತಕ್ಕೂ ಕಬ್ಬು ಅಗಿಯುತ್ತಿದ್ದ" ಎನ್ನುವವರ ಅಜ್ಜ ಆ ಶೇಕಡ 11ರಲ್ಲಿ ಒಬ್ಬ. ನಾವು ಯಾವ ಗುಂಪಿನವರೆಂದು ಹಣೆಯಲ್ಲಿ ಬರೆದಿರುವುದಿಲ್ಲ. ನಮ್ಮ ಸಕಲೇಶಪುರ, ಆಲೂರಿನ ತೋಟಗಳ ಲೈನುಮನೆಗಳಲ್ಲಿಯೂ ದುಡಿಯುವ ಜನರಿದ್ದಾರೆ. ಎಲೆ, ಅಡಿಕೆ, ಹೊಗೆಸೊಪ್ಪು ಅವರ ಆಯಾಸಕ್ಕೆ ಆಸರೆ. ಬೀಡಿ ಸಿಗರೇಟು ಸೇದುವವರಲ್ಲಿ ವಸಡಿನ ರಕ್ತ ಕಡಿಮೆಯಾಗಿ ರೋಗ ಮುಖವನ್ನು ಮರೆಸಿಕೊಳ್ಳುತ್ತದೆ, ಚಿಕಿತ್ಸೆಯ ಫಲವೂ ಕುಗ್ಗುತ್ತದೆ. ಅವರ ಬಾಯನ್ನು ನೋಡುವವರು ಯಾರು?

ಕರ್ನಾಟಕ ಸರ್ಕಾರ ಬಡ ವೃದ್ಧರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡುವ 'ದಂತಭಾಗ್ಯ' ಯೋಜನೆಯನ್ನು 2014ರಲ್ಲಿ ತಂದಿತು. ಒಳ್ಳೆಯ ಕೆಲಸ. ಆದರೆ ಹಲ್ಲು ಹೋದಮೇಲೆ ಕೊಡುವ ಭಾಗ್ಯಕ್ಕಿಂತ ಹೋಗದಂತೆ ಉಳಿಸುವ ಭಾಗ್ಯ ದೊಡ್ಡದಲ್ಲವೆ? ತೀವ್ರವಾದ ವಸಡಿನ ರೋಗದಿಂದ ನರಳುವವರು ಪ್ರಪಂಚದಲ್ಲಿ 100 ಕೋಟಿಗೂ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ವರದಿ ಮಾಡಿದೆ.

ಅವ್ವ ಬಂದಳು. ಮೊದಲು ರಕ್ತದ ಸಕ್ಕರೆಯನ್ನು ಪರೀಕ್ಷಿಸಿ, ಅವಳು ನುಂಗುವ ಮಾತ್ರೆಗಳ ಚೀಟಿಯನ್ನು ನೋಡಿ ಆಮೇಲೆಯೇ ವೈದ್ಯರು ಕೈಹಾಕಿದರು. ವಾಚಕರೂ ಇದನ್ನು ನೆನಪಿಡಬೇಕು. ಸಕ್ಕರೆ ಕಾಯಿಲೆಯನ್ನೂ, ಹೃದಯದ ಕವಾಟದ ತೊಂದರೆಯನ್ನೂ, ರಕ್ತ ತೆಳುಮಾಡುವ ಮಾತ್ರೆಯನ್ನೂ ದಂತವೈದ್ಯರಿಂದ ಮುಚ್ಚಿಡಬಾರದು. ಅಲುಗಾಡುತ್ತಿದ್ದ ಎರಡರಲ್ಲಿ ಒಂದು ಹಲ್ಲು ಉಳಿಯಲಿಲ್ಲ, ತೆಗೆಯಬೇಕಾಯಿತು. ಇನ್ನೊಂದು ಬಿಗಿಯಿತು. ಉಳಿದವು ಸದ್ಯಕ್ಕೆ ಭದ್ರ.

ಅಂದು ಸಂಜೆ ಮಗ್ಗೆಯ ಮನೆಯಲ್ಲಿ ಅವ್ವ ಕನ್ನಡಿ ಹಿಡಿದು ಕುಳಿತಿದ್ದಾಗ, ಅದುವರೆಗೆ ಒಂದು ಮಾತೂ ಆಡದಿದ್ದ ತಂದೆಯವರು ಕೇಳಿದರು: "ಇದು ಈಗ ಬಂದಿರೋ ಚಿಕಿತ್ಸೆ ತಾನೆ? ನನಗೆ ಹಲ್ಲು ಹೋದಾಗ ಇರಲಿಲ್ಲ, ಅಲ್ಲವೇನೋ?"

ಇತ್ತು. ಬೆಂಗಳೂರಿನಲ್ಲಿ ಸರ್ಕಾರಿ ದಂತವೈದ್ಯಕೀಯ ಕಾಲೇಜು 1958ರಿಂದ ಇದೆ, ಘಟ್ಟದ ಕೆಳಗೆ ಮಣಿಪಾಲದಲ್ಲಿ 1965ರಿಂದ. ಅವರ ಹಲ್ಲು ಅಲುಗಾಡುವ ಹೊತ್ತಿಗೆ ಹಾಸನದಲ್ಲಿಯೇ, ಬಸ್ಸು ಹತ್ತಿ ಹೋಗಿ ಸಂಜೆಗೆ ಮರಳುವಷ್ಟು ದೂರದಲ್ಲಿ, ಈ ಚಿಕಿತ್ಸೆ ಮಾಡಬಲ್ಲವರಿದ್ದರು. ನಮಗೆ ಯಾರೂ ಹೇಳಲಿಲ್ಲ, ನಾವೂ ಯಾರನ್ನೂ ಕೇಳಲಿಲ್ಲ. ವಯಸ್ಸಾದರೆ ಹಲ್ಲು ಬೀಳುವುದು ಸಹಜವೆಂದುಕೊಂಡೆವು, ಐವತ್ತನ್ನು ವಯಸ್ಸೆಂದುಕೊಂಡೆವು. "ಇರಲಿಲ್ಲ" ಎಂದುಬಿಡೋಣವೆಂದು ನಾಲಗೆಯ ತುದಿಗೆ ಬಂದಿತು. ಆದರೆ ಸುಳ್ಳು ಹೇಳಬಾರದೆಂದು ನನಗೆ ಕಲಿಸಿದ ಮೇಷ್ಟರೂ ಅವರೇ. "ಇತ್ತಪ್ಪ. ನಮಗೆ ಗೊತ್ತಿರಲಿಲ್ಲ" ಎಂದೆ.

ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದರೆ ಬರಿ. ನಿಮ್ಮ ಪತ್ರಿಕೆಯಲ್ಲಿ ಬರಿ. ಓದಿದವರಿಗಾದರೂ ಗೊತ್ತಾಗಲಿ" ಎಂದರು.

ಬರೆದಿದ್ದೇನೆ. ಈ ಪುಟವನ್ನು ಮಡಿಸಿಟ್ಟು ಧಾರಾವಾಹಿಗೆ ಹೊರಳುವ ಮುನ್ನ ವಾಚಕರಲ್ಲಿ ಒಂದೇ ಒಂದು ಕೋರಿಕೆ. ಇಂದು ರಾತ್ರಿ ಹಲ್ಲುಜ್ಜಿ ಉಗುಳುವಾಗ ದೀಪ ಹಾಕಿ ಒಮ್ಮೆ ನೋಡಿರಿ. ಕೆಂಪು ಕಂಡರೆ ಬ್ರಷ್ಷನ್ನು ಬೈಯಬೇಡಿರಿ. ಮನೆಯ ಹಿರಿಯರನ್ನೂ ಕೇಳಿರಿ, ಅವರಾಗಿ ಹೇಳುವುದಿಲ್ಲ. ನಮ್ಮ ತಂದೆ ಗಂಟಲು ಸರಿಯಿಲ್ಲವೆಂದೇ ಹೇಳಿದ್ದರು.